ಬೆರಳೆಣಿಕೆಯ ಪಾಂಡಿತ್ಯ

ಮೈಕೆಲ್ ಜೋರ್ಡನ್ ದೊಡ್ಡವನೋ ಲೆಬ್ರಾನ್ ಜೇಮ್ಸ್ ದೊಡ್ಡವನೋ ಎಂಬ ಜಗಳ ಎಲ್ಲಿ ಶುರುವಾದರೂ ಬಂದು ನಿಲ್ಲುವುದು ಒಂದೇ ಜಾಗಕ್ಕೆ. ಅಮೆರಿಕದ ಟೀವಿ ಚರ್ಚೆಯಲ್ಲಾಗಲಿ, ಬೆಳಗಿನ ಜಾವ ಅಲಾರಾಂ ಇಟ್ಟು ಎದ್ದು ಪಂದ್ಯ ನೋಡುವ ನಮ್ಮ ಬೆಂಗಳೂರಿನ ಹುಡುಗರ ನಡುವೆಯಾಗಲಿ, ಅರ್ಧ ಗಂಟೆ ಅಂಕಿಅಂಶಗಳ ಎಸೆದಾಟ ನಡೆದ ಮೇಲೆ ಯಾರೋ ಒಬ್ಬ ಕೈಯೆತ್ತಿ ಬೆರಳು ಬಿಡಿಸುತ್ತಾನೆ: 'ಜೋರ್ಡನ್‌ಗೆ ಆರು, ಲೆಬ್ರಾನ್‌ಗೆ ನಾಲ್ಕು. ಮುಗೀತಲ್ಲ?' ಅಲ್ಲಿಗೆ ಸಭೆ ಬರ್ಖಾಸ್ತು.

ಆರು, ನಾಲ್ಕು ಎಂದರೆ ಉಂಗುರಗಳು. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಗೆದ್ದ ತಂಡದ ಪ್ರತಿ ಆಟಗಾರನಿಗೂ ವಜ್ರ ಕೂರಿಸಿದ ಒಂದು ಉಂಗುರ ಸಿಗುತ್ತದೆ. ತೊಟ್ಟುಕೊಂಡು ಅನ್ನ ಕಲಸಲಾಗದಷ್ಟು ದಪ್ಪದ್ದು. ಆಟಗಾರನ ಯೋಗ್ಯತೆಗೆ ಇದೇ ಕೊನೆಯ ಅಳತೆ ಎಂಬ ನಂಬಿಕೆ ಎಷ್ಟು ಬೇರೂರಿದೆಯೆಂದರೆ, ಅದನ್ನು ಪ್ರಶ್ನಿಸಿದವನಿಗೆ ತಕ್ಷಣ 'ಲೆಬ್ರಾನ್ ಭಕ್ತ' ಎಂಬ ಮುದ್ರೆ ಬೀಳುತ್ತದೆ. ನಾನು ಆ ಭಕ್ತರಲ್ಲಿ ಸೇರಿದವನಲ್ಲ. ನನ್ನ ಮತ ಜೋರ್ಡನ್‌ಗೇ. ಆದರೆ ಆರು ಉಂಗುರ ಹಿಡಿದುಕೊಂಡು ನನ್ನ ಪಕ್ಕಕ್ಕೆ ಬಂದು ನಿಲ್ಲುವವರು ಇದ್ದಾರಲ್ಲ, ಅವರ ಸಹವಾಸ ನನಗೆ ಬೇಡ. ಎದುರಾಳಿಗಳಿಗಿಂತ ಇವರೇ ಜೋರ್ಡನ್ನನಿಗೆ ಹೆಚ್ಚು ಅನ್ಯಾಯ ಮಾಡುತ್ತಿದ್ದಾರೆ.

ಮೊದಲು ಅವರ ಲೆಕ್ಕವನ್ನೇ ನಂಬಿ ಎಣಿಸೋಣ. ಬಾಸ್ಟನ್ ಸೆಲ್ಟಿಕ್ಸ್‌ನ ಬಿಲ್ ರಸೆಲ್‌ಗೆ ಹನ್ನೊಂದು. ಅವನ ಜತೆಗಾರ ಸ್ಯಾಮ್ ಜೋನ್ಸ್‌ಗೆ ಹತ್ತು. ಅದೇ ತಂಡದ ಕೆ.ಸಿ. ಜೋನ್ಸ್, ಸ್ಯಾಚ್ ಸ್ಯಾಂಡರ್ಸ್, ಟಾಮ್ ಹೈನ್ಸನ್, ಜಾನ್ ಹ್ಯಾವ್ಲಿಚೆಕ್ ಇವರಿಗೆ ತಲಾ ಎಂಟು. ಆಮೇಲೆ ರಾಬರ್ಟ್ ಹೊರಿ, ಏಳು. ಹೊರಿ ಪಂದ್ಯಕ್ಕೆ ಸರಾಸರಿ ಏಳು ಅಂಕ ಗಳಿಸಿದವನು. ಹ್ಯೂಸ್ಟನ್‌ನಲ್ಲಿ ಹಕೀಮ್ ಒಲಾಜುವನ್ ಪಕ್ಕ, ಲಾಸ್ ಏಂಜಲೀಸ್‌ನಲ್ಲಿ ಶಕೀಲ್ ಓನೀಲ್ ಮತ್ತು ಕೋಬಿ ಬ್ರಯಂಟ್ ಪಕ್ಕ, ಸ್ಯಾನ್ ಆಂಟೋನಿಯೋದಲ್ಲಿ ಟಿಮ್ ಡಂಕನ್ ಪಕ್ಕ ನಿಂತು, ಬೇಕಾದ ಹೊತ್ತಿಗೆ ಬೇಕಾದ ಚೆಂಡು ಹಾಕಿದ ಗಟ್ಟಿಗ. ಅವನನ್ನು ಕಂಡರೆ ನನಗೂ ಇಷ್ಟ. ಆದರೆ ಉಂಗುರವೇ ಅಳತೆಯಾದರೆ ಅವನು ಜೋರ್ಡನ್‌ಗಿಂತ ದೊಡ್ಡವನಾಗಬೇಕು. ಹಾಗೆಂದು ಒಪ್ಪುವ ಉಂಗುರವಾದಿ ಇನ್ನೂ ಹುಟ್ಟಿಲ್ಲ.

'ಅಯ್ಯೋ, ಹಾಗಲ್ಲ ಮಾರಾಯ್ರೇ, ತಂಡದ ಮುಖ್ಯ ಆಟಗಾರನಾಗಿ ಗೆದ್ದದ್ದು ಮಾತ್ರ ಲೆಕ್ಕಕ್ಕೆ' ಎಂದು ಅವರು ತಿದ್ದುತ್ತಾರೆ. ಸರಿ, ಮುಖ್ಯ ಆಟಗಾರ ಯಾರೆಂದು ಹೇಗೆ ಗೊತ್ತು? 'ಫೈನಲ್ಸ್ ಎಂವಿಪಿ ನೋಡಿ.' ಸರಿ, ಅದನ್ನೂ ನೋಡೋಣ. ಅಂತಿಮ ಸರಣಿಯ ಅತ್ಯುತ್ತಮ ಆಟಗಾರನಿಗೆ ಕೊಡುವ ಆ ಪ್ರಶಸ್ತಿ ಶುರುವಾದದ್ದೇ 1969ರಲ್ಲಿ, ರಸೆಲ್‌ನ ಕೊನೆಯ ವರ್ಷ. ಹಾಗಾಗಿ ಹನ್ನೊಂದು ಉಂಗುರದ ರಸೆಲ್ ಬಳಿ ಒಂದೂ ಫೈನಲ್ಸ್ ಎಂವಿಪಿ ಇಲ್ಲ. 2009ರಿಂದ ಆ ಪ್ರಶಸ್ತಿಗೆ ಅವನದೇ ಹೆಸರಿದೆ ಎಂಬುದು ಬೇರೆ ಮಾತು. ಮೊದಲ ವರ್ಷ ಅದು ಹೋದದ್ದು ಸೋತ ತಂಡದ ಜೆರ್ರಿ ವೆಸ್ಟ್‌ಗೆ. 2015ರಲ್ಲಿ ಪ್ರಶಸ್ತಿ ಪಡೆದವನು ಗೋಲ್ಡನ್ ಸ್ಟೇಟ್ ವಾರಿಯರ್ಸ್‌ನ ಆಂಡ್ರೆ ಇಗ್ವೊಡಾಲ. ಆ ಸರಣಿಯ ಅತ್ಯುತ್ತಮ ಆಟಗಾರ ಅವನೇ ಎಂದು ವಾರಿಯರ್ಸ್ ಅಭಿಮಾನಿಗಳೂ ಎದೆ ಮುಟ್ಟಿಕೊಂಡು ಹೇಳಲಾರರು. ಎದುರು ತಂಡದಲ್ಲಿ ಇಬ್ಬರು ಪ್ರಮುಖ ಜತೆಗಾರರು ಗಾಯಗೊಂಡು ಕೂತಿರುವಾಗ ಪಂದ್ಯಕ್ಕೆ 35.8 ಅಂಕ, 13.3 ರಿಬೌಂಡ್, 8.8 ಅಸಿಸ್ಟ್ ಕೊಟ್ಟು ಸೋತವನೊಬ್ಬ ಇದ್ದ: ಲೆಬ್ರಾನ್.

ಇನ್ನು ಕೆವಿನ್ ಡುರಾಂಟ್‌ಗೆ ಬನ್ನಿ. ಎರಡು ಉಂಗುರ, ಎರಡು ಫೈನಲ್ಸ್ ಎಂವಿಪಿ. ಎರಡು ಷರತ್ತೂ ಪೂರೈಸಿದೆ. ಆದರೆ 'ಅದು ಲೆಕ್ಕಕ್ಕಿಲ್ಲ, ಅವನು ಆಗಲೇ ಒಂದು ಋತುವಿನಲ್ಲಿ 73 ಪಂದ್ಯ ಗೆದ್ದಿದ್ದ ವಾರಿಯರ್ಸ್‌ಗೆ ಹೋಗಿ ಸೇರಿದ.' ಲೆಬ್ರಾನ್‌ನ 2020ರ ಉಂಗುರ? 'ಅದೂ ಲೆಕ್ಕಕ್ಕಿಲ್ಲ, ಕೊರೋನಾ ಕಾಲದಲ್ಲಿ ಡಿಸ್ನಿ ವರ್ಲ್ಡ್ ಒಳಗೆ ಕೂಡಿಹಾಕಿ ಆಡಿಸಿದ್ದು.' ಕಡೆಗೆ ಉಳಿಯುವುದೇನು? ಯಾರು ದೊಡ್ಡವರೆಂದು ಮೊದಲೇ ತೀರ್ಮಾನವಾಗಿದೆ. ಯಾವ ಉಂಗುರ ಎಣಿಸಬೇಕು, ಯಾವುದನ್ನು ಬಿಡಬೇಕು ಎಂಬುದು ಆ ತೀರ್ಮಾನಕ್ಕೆ ತಕ್ಕ ಹಾಗೆ ಆಮೇಲೆ ನಡೆಯುವ ಕೆಲಸ.

ಇದಕ್ಕಿಂತ ವಿಚಿತ್ರವಾದದ್ದು 'ಆರಕ್ಕೆ ಆರು' ಎಂಬ ಪಲ್ಲವಿ. ಜೋರ್ಡನ್ ಆರು ಫೈನಲ್ಸ್ ಆಡಿ ಆರೂ ಗೆದ್ದ; ಲೆಬ್ರಾನ್ ಹತ್ತು ಆಡಿ ಆರು ಸೋತ. ಕೇಳಲು ಇಂಪಾಗಿದೆ. ಆದರೆ ಜೋರ್ಡನ್ ಆಡಿದ್ದು ಹದಿನೈದು ಋತು. ಉಳಿದ ಒಂಬತ್ತರಲ್ಲಿ ಏನಾಯಿತು? 1985ರಲ್ಲಿ ಮಿಲ್ವಾಕಿ ವಿರುದ್ಧ, ಮುಂದಿನ ಎರಡು ವರ್ಷ ಬಾಸ್ಟನ್ ವಿರುದ್ಧ ಮೊದಲ ಸುತ್ತಿನಲ್ಲೇ ಮನೆಗೆ ಹೋದ. 1988, 89, 90, ಮೂರು ವರ್ಷ ಸತತವಾಗಿ ಡೆಟ್ರಾಯ್ಟ್ ಪಿಸ್ಟನ್ಸ್ ಅವನನ್ನು ಹೊರಗಟ್ಟಿತು. 1995ರಲ್ಲಿ ಒರ್ಲ್ಯಾಂಡೊ. ಕೊನೆಗೆ ವಾಷಿಂಗ್ಟನ್‌ನಲ್ಲಿ ಆಡಿದ ಎರಡು ವರ್ಷ ಪ್ಲೇಆಫ್ ಮುಖವನ್ನೇ ನೋಡಲಿಲ್ಲ. ಈ ಒಂಬತ್ತೂ ಸೋಲುಗಳು 'ಆರಕ್ಕೆ ಆರು' ಎಂಬ ಲೆಕ್ಕದೊಳಗೆ ಬರುವುದೇ ಇಲ್ಲ, ಯಾಕೆಂದರೆ ಅವನು ಬೇಗ ಸೋತ! ಫೈನಲ್ಸ್‌ವರೆಗೆ ಬಂದು ಸೋತರೆ ಕಳಂಕ, ಏಪ್ರಿಲ್‌ನಲ್ಲೇ ಸೋತರೆ ನಿಷ್ಕಳಂಕ. ಪರೀಕ್ಷೆಗೆ ಕೂತು ನಪಾಸಾದವನಿಗಿಂತ ಹಾಲ್ ಟಿಕೆಟ್ಟೇ ಸಿಗದವನು ಬುದ್ಧಿವಂತ ಎಂದಂತಾಯಿತು.

ಈ ತರ್ಕ ಎಲ್ಲಿಗೆ ಕರೆದೊಯ್ಯುತ್ತದೆ ನೋಡಿ. 2007ರ ಮೇ 31ರ ರಾತ್ರಿ, ಡೆಟ್ರಾಯ್ಟ್ ಎದುರು ಐದನೇ ಪಂದ್ಯ. ಇಪ್ಪತ್ತೆರಡು ವರ್ಷದ ಲೆಬ್ರಾನ್, ಕ್ಲೀವ್‌ಲ್ಯಾಂಡ್ ತಂಡದ ಕೊನೆಯ 25 ಅಂಕಗಳನ್ನು ಒಬ್ಬನೇ ಹಾಕಿದ. ಎರಡು ಹೆಚ್ಚುವರಿ ಅವಧಿಗೆ ಹೋದ ಪಂದ್ಯ 109-107ರಲ್ಲಿ ಕ್ಲೀವ್‌ಲ್ಯಾಂಡ್ ಪಾಲಾಯಿತು. ಅವನದು ಒಟ್ಟು 48. ಎದುರಿಗಿದ್ದುದು ಮೂರು ವರ್ಷ ಹಿಂದಷ್ಟೇ ಚಾಂಪಿಯನ್ ಆಗಿದ್ದ ಪಿಸ್ಟನ್ಸ್, ರಕ್ಷಣೆಗೇ ಹೆಸರಾದ ತಂಡ. ಆ ಸರಣಿ ಗೆದ್ದು ಕ್ಲೀವ್‌ಲ್ಯಾಂಡ್ ಮೊದಲ ಸಲ ಫೈನಲ್ಸ್‌ಗೆ ಹೋಯಿತು, ಅಲ್ಲಿ ಸ್ಯಾನ್ ಆಂಟೋನಿಯೋ ಕೈಯಲ್ಲಿ ನಾಲ್ಕಕ್ಕೆ ನಾಲ್ಕೂ ಸೋತಿತು. ಉಂಗುರವಾದಿಗಳ ಪುಸ್ತಕದಲ್ಲಿ ಲೆಬ್ರಾನ್‌ನ ಮೊದಲ 'ಸೋಲು' ಇದು. ಅವನು ಆ ರಾತ್ರಿ ಕಾಲು ಉಳುಕಿಸಿಕೊಂಡು ಕೂತಿದ್ದರೆ ಇವತ್ತು ಅವನ ದಾಖಲೆ ಹತ್ತಕ್ಕೆ ನಾಲ್ಕರ ಬದಲು ಒಂಬತ್ತಕ್ಕೆ ನಾಲ್ಕಾಗಿ ಸ್ವಲ್ಪ ಚೆನ್ನಾಗಿ ಕಾಣುತ್ತಿತ್ತು! ಆಟಗಾರನ ಅತ್ಯಂತ ದೊಡ್ಡ ರಾತ್ರಿಯೊಂದನ್ನು ಅವನ ವಿರುದ್ಧದ ಸಾಕ್ಷ್ಯವಾಗಿ ಮಾಡುವ ಅಳತೆಗೋಲನ್ನು ಮುರಿದು ಒಲೆಗೆ ಹಾಕಬೇಕು.

ಉಂಗುರವಾದದ ಮೂಲಪುರುಷರು ರಸೆಲ್ ಮತ್ತು ವಿಲ್ಟ್ ಚೇಂಬರ್ಲಿನ್. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಮುಂದಿನ ಎಲ್ಲ ಜಗಳಗಳೂ ಇದರ ಅಚ್ಚಿನಲ್ಲೇ ಎರಕಗೊಂಡಿವೆ. ವಿಲ್ಟ್ 1962ರ ಮಾರ್ಚ್ 2ರಂದು ಪೆನ್ಸಿಲ್ವೇನಿಯಾದ ಹರ್ಶಿ ಎಂಬ ಊರಿನಲ್ಲಿ ಒಂದೇ ಪಂದ್ಯದಲ್ಲಿ 100 ಅಂಕ ಹಾಕಿದವನು. ಆ ಇಡೀ ಋತುವಿನಲ್ಲಿ ಅವನ ಸರಾಸರಿ 50.4. ಆದರೂ ಅವನ ಉಂಗುರ ಎರಡೇ. ರಸೆಲ್‌ನದು ಹನ್ನೊಂದು. ಇಬ್ಬರ ತಂಡಗಳು ಪ್ಲೇಆಫ್‌ನಲ್ಲಿ ಎಂಟು ಸಲ ಎದುರಾದವು, ಏಳು ಸಲ ರಸೆಲ್‌ನ ಸೆಲ್ಟಿಕ್ಸ್ ಗೆದ್ದಿತು. ಇದರಿಂದ ಹುಟ್ಟಿದ ಕಥೆ ಎಲ್ಲರಿಗೂ ಗೊತ್ತು: ರಸೆಲ್ ಗೆಲ್ಲುವ ಮನುಷ್ಯ, ವಿಲ್ಟ್ ಅಂಕಿಗಳ ಹಿಂದೆ ಬಿದ್ದ ಸ್ವಾರ್ಥಿ.

ಆ ಏಳರಲ್ಲಿ ನಾಲ್ಕು ಸರಣಿಗಳು ಕೊನೆಯ, ಅಂದರೆ ಏಳನೇ ಪಂದ್ಯದವರೆಗೆ ಹೋದವು. 1962ರಲ್ಲಿ 109-107. 1965ರಲ್ಲಿ 110-109. 1968ರಲ್ಲಿ 100-96. 1969ರಲ್ಲಿ 108-106. ಕೂಡಿ ನೋಡಿ: ನಾಲ್ಕು ಪಂದ್ಯಗಳ ಅಂತರ ಒಟ್ಟು ಒಂಬತ್ತು ಅಂಕ. ಇಬ್ಬರು ಮನುಷ್ಯರ ಶೀಲಸ್ವಭಾವದ ಬಗ್ಗೆ ಅರವತ್ತು ವರ್ಷದಿಂದ ಕೊರೆಯುತ್ತಿರುವ ಪ್ರವಚನದ ಬುಡದಲ್ಲಿರುವುದು ಈ ಒಂಬತ್ತು ಅಂಕ.

1965ರದನ್ನೇ ತೆಗೆದುಕೊಳ್ಳಿ. ಐದು ಸೆಕೆಂಡು ಉಳಿದಿತ್ತು, ಸೆಲ್ಟಿಕ್ಸ್ ಒಂದಂಕ ಮುಂದೆ. ಗೆರೆಯಾಚೆಯಿಂದ ಚೆಂಡು ಒಳಗೆ ಕೊಡಬೇಕಿದ್ದವನು ಸ್ವತಃ ರಸೆಲ್. ಅವನೆಸೆದ ಚೆಂಡು ಬುಟ್ಟಿಯ ಹಲಗೆಯನ್ನು ಬಿಗಿದಿದ್ದ ತಂತಿಗೆ ಹೊಡೆಯಿತು. ನಿಯಮದಂತೆ ಚೆಂಡು ಎದುರಾಳಿ ಪಾಲಾಯಿತು. ಗೆಲ್ಲುವ ಮನುಷ್ಯ ಪಂದ್ಯವನ್ನು ತಟ್ಟೆಯಲ್ಲಿಟ್ಟು ಕೊಟ್ಟುಬಿಟ್ಟಿದ್ದ. ಆದರೆ ವಿಲ್ಟ್‌ನ ತಂಡವಾದ ಫಿಲಡೆಲ್ಫಿಯಾದ ಹ್ಯಾಲ್ ಗ್ರೀರ್ ಒಳಗೆ ಎಸೆದ ಚೆಂಡಿಗೆ ಹ್ಯಾವ್ಲಿಚೆಕ್ ಕೈ ಚಾಚಿದ, ಚೆಂಡು ಸ್ಯಾಮ್ ಜೋನ್ಸ್‌ಗೆ ಸಿಕ್ಕಿತು, ಪಂದ್ಯ ಮುಗಿಯಿತು. ಹ್ಯಾವ್ಲಿಚೆಕ್‌ನ ಕೈ ಎಟುಕದಿದ್ದರೆ ರಸೆಲ್‌ನ ಸ್ವಭಾವ ಬದಲಾಗುತ್ತಿತ್ತೇ? ಆ ಚೆಂಡಿಗೂ ವಿಲ್ಟ್‌ಗೂ ಸಂಬಂಧವೇ ಇರಲಿಲ್ಲ, ಆದರೆ ಸೋಲು ಬರೆದದ್ದು ಅವನ ಹಣೆಯ ಮೇಲೆ.

1969ರದು ಇನ್ನೂ ಸೊಗಸು. ವಿಲ್ಟ್, ಜೆರ್ರಿ ವೆಸ್ಟ್, ಎಲ್ಜಿನ್ ಬೇಲರ್ ಮೂವರೂ ಲೇಕರ್ಸ್‌ನಲ್ಲಿದ್ದರು. ಏಳನೇ ಪಂದ್ಯ ಲಾಸ್ ಏಂಜಲೀಸ್‌ನಲ್ಲಿ. ಗೆಲ್ಲುವುದು ಖಂಡಿತವೆಂದು ಮಾಲೀಕ ಜಾಕ್ ಕೆಂಟ್ ಕುಕ್ ಸಭಾಂಗಣದ ಮಾಡಿಗೆ ಸಾವಿರಾರು ಬಲೂನು ಕಟ್ಟಿಸಿದ್ದ. ಕೊನೆಯ ಐದಾರು ನಿಮಿಷ ಇರುವಾಗ ವಿಲ್ಟ್ ಮೊಣಕಾಲಿಗೆ ಪೆಟ್ಟು ಬಿದ್ದು ಹೊರಗೆ ಬಂದ. ಸ್ವಲ್ಪ ಹೊತ್ತಿಗೆ ಮತ್ತೆ ಆಡುತ್ತೇನೆಂದ. ಕೋಚ್ ವ್ಯಾನ್ ಬ್ರೆಡಾ ಕೊಲ್ಫ್ ಬೇಡವೆಂದ. ಇಬ್ಬರಿಗೂ ಮೊದಲಿಂದ ಆಗಿಬರುತ್ತಿರಲಿಲ್ಲ. ಒಂದು ನಿಮಿಷ ಚಿಲ್ಲರೆ ಉಳಿದಿರುವಾಗ, ಸೆಲ್ಟಿಕ್ಸ್ ಒಂದೇ ಅಂಕ ಮುಂದಿರುವಾಗ, ಹ್ಯಾವ್ಲಿಚೆಕ್ ಕೈಯಿಂದ ಜಾರಿದ ಚೆಂಡು ಡಾನ್ ನೆಲ್ಸನ್ ಕೈಗೆ ಬಂತು. ಅವನು ಎಸೆದದ್ದು ಬಳೆಯ ಹಿಂಭಾಗಕ್ಕೆ ಬಡಿದು ನೆಟ್ಟಗೆ ಮೇಲಕ್ಕೆ ಪುಟಿದು, ಬಳೆಯೊಳಕ್ಕೇ ಬಿತ್ತು. ಎರಡು ಅಂಕದ ಅಂತರದಲ್ಲಿ ರಸೆಲ್‌ಗೆ ಹನ್ನೊಂದನೇ ಉಂಗುರ. ವೆಸ್ಟ್ ಆ ಪಂದ್ಯದಲ್ಲಿ 42 ಅಂಕ, 13 ರಿಬೌಂಡ್, 12 ಅಸಿಸ್ಟ್ ಮಾಡಿದ್ದ. ವೆಸ್ಟ್ ಒಂಬತ್ತು ಫೈನಲ್ಸ್ ಆಡಿ ಒಂದು ಗೆದ್ದ. ಬೇಲರ್ ಅದನ್ನೂ ಗೆಲ್ಲಲಿಲ್ಲ: 1971ರಲ್ಲಿ ಕಾಲು ಸಹಕರಿಸದೆ ಋತುವಿನ ನಡುವೆ ನಿವೃತ್ತನಾದ, ಅವನು ಹೋದ ಮರುಪಂದ್ಯದಿಂದಲೇ ಲೇಕರ್ಸ್ ಸತತ 33 ಗೆದ್ದು ಆ ಋತುವಿನ ಚಾಂಪಿಯನ್ ಆಯಿತು. ಉಂಗುರವಾದಿಗಳಿಗೆ ಇದಕ್ಕಿಂತ ರುಚಿಯಾದ ಸಾಕ್ಷ್ಯ ಸಿಗಲಾರದು. ನನಗೆ ಮಾತ್ರ ಇದು ಮೊಣಕಾಲಿನ ಕಥೆಯಾಗಿ ಕಾಣುತ್ತದೆ.

ರಸೆಲ್‌ನನ್ನು ಇಳಿಸುವುದು ನನ್ನ ಉದ್ದೇಶವಲ್ಲ. ಅವನು ಹಾರಿ ಚೆಂಡು ತಡೆಯುತ್ತಿದ್ದ ರೀತಿಯಲ್ಲೇ ಒಂದು ಬುದ್ಧಿವಂತಿಕೆ ಇತ್ತು: ಪ್ರೇಕ್ಷಕರ ನಡುವೆ ಬಡಿದು ಚಪ್ಪಾಳೆ ಗಿಟ್ಟಿಸುವ ಬದಲು, ಅಂಗಳದೊಳಗೇ ಬೀಳುವಂತೆ, ತನ್ನವರ ಕೈಗೆ ಸಿಗುವಂತೆ ಮೆಲ್ಲಗೆ ತಟ್ಟುತ್ತಿದ್ದ. ಅಲ್ಲಿಂದಲೇ ಸೆಲ್ಟಿಕ್ಸ್‌ನ ದಾಳಿ ಶುರು. ಎನ್‌ಬಿಎ ಈ ತಡೆಗಳನ್ನು ಲೆಕ್ಕವಿಡತೊಡಗಿದ್ದು 1973-74ರಿಂದ, ರಸೆಲ್ ಆಟ ಬಿಟ್ಟು ನಾಲ್ಕು ವರ್ಷದ ಮೇಲೆ. ಅವನ ಅತಿ ದೊಡ್ಡ ಕೌಶಲಕ್ಕೆ ಅಂಕಿಯೇ ಇಲ್ಲ. ಆದ್ದರಿಂದ ಸೋಮಾರಿಗಳು ಹನ್ನೊಂದನ್ನು ಹಿಡಿದುಕೊಂಡರು. ಹಳೆಯ ಚಿತ್ರಗಳನ್ನು ನೋಡಿ ಅವನ ಕೈಚಳಕವನ್ನು ವಿವರಿಸುವ ಶ್ರಮಕ್ಕಿಂತ ಹನ್ನೊಂದು ಎನ್ನುವುದು ಸುಲಭ.

ಉಂಗುರ ಬರುವುದರಲ್ಲಿ ಮಾಲೀಕನ ಪಾಲೆಷ್ಟು ಎಂಬುದನ್ನಂತೂ ಯಾರೂ ಕೇಳುವುದಿಲ್ಲ. 1956ರಲ್ಲಿ ಹೊಸ ಆಟಗಾರರನ್ನು ಆರಿಸುವ ಸರದಿಯಲ್ಲಿ ಮೊದಲ ಆಯ್ಕೆಯ ಹಕ್ಕಿದ್ದ ರಾಚೆಸ್ಟರ್ ತಂಡ ರಸೆಲ್‌ನನ್ನು ಬಿಟ್ಟು ಸಿಹ್ಯೂಗೋ ಗ್ರೀನ್ ಎಂಬವನನ್ನು ಆರಿಸಿತು. ಎರಡನೇ ಆಯ್ಕೆಯ ಸೇಂಟ್ ಲೂಯಿಸ್ ಇಬ್ಬರು ಆಟಗಾರರನ್ನು ತೆಗೆದುಕೊಂಡು ರಸೆಲ್‌ನನ್ನು ಬಾಸ್ಟನ್‌ಗೆ ಬಿಟ್ಟುಕೊಟ್ಟಿತು. ಒಮ್ಮೆ ಒಂದು ತಂಡಕ್ಕೆ ಬಿದ್ದ ಆಟಗಾರ ಅಲ್ಲಿಂದ ತಾನಾಗಿ ಕದಲುವಂತಿರಲಿಲ್ಲ. ಆಸ್ಕರ್ ರಾಬರ್ಟ್‌ಸನ್ 1970ರಲ್ಲಿ ಮೊಕದ್ದಮೆ ಹೂಡಿ, 1976ರಲ್ಲಿ ಅದು ರಾಜಿಯಾದ ಮೇಲಷ್ಟೇ ಆ ಜೀತ ಸಡಿಲವಾಯಿತು. ರಸೆಲ್, ವಿಲ್ಟ್, ವೆಸ್ಟ್, ಬೇಲರ್ ಎಲ್ಲರೂ ಆಡಿದ್ದು ಅದಕ್ಕೆ ಮೊದಲು.

ಈಚಿನದು ಬೇಕೇ? ಟಿಮ್ ಡಂಕನ್‌ಗೆ ಐದು, ಅವನ ಸಮಕಾಲೀನ ಕೆವಿನ್ ಗಾರ್ನೆಟ್‌ಗೆ ಒಂದು. 1996-97ರಲ್ಲಿ ಸ್ಯಾನ್ ಆಂಟೋನಿಯೋದ ಡೇವಿಡ್ ರಾಬಿನ್ಸನ್ ಗಾಯಗೊಂಡು ತಂಡ ಗೆದ್ದದ್ದು ಬರೀ 20 ಪಂದ್ಯ; ಹಾಗೆ ಸೋತಿದ್ದರಿಂದ ಲಾಟರಿಯಲ್ಲಿ ಡಂಕನ್ ಸಿಕ್ಕಿದ. ಲಾಟರಿಯಲ್ಲಿ, ಅಕ್ಷರಶಃ. ಗಾರ್ನೆಟ್ ಇದ್ದ ಮಿನೆಸೋಟಾದ ಆಡಳಿತ ಮತ್ತೊಬ್ಬ ಆಟಗಾರನ ಜತೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡು ಸಿಕ್ಕಿಬಿದ್ದು, ಎನ್‌ಬಿಎ ಆ ತಂಡದ ಮೊದಲ ಸುತ್ತಿನ ಹಲವು ಆಯ್ಕೆಗಳನ್ನು ಕಸಿದುಕೊಂಡಿತು. ತಪ್ಪು ಮಾಡಿದ್ದು ಕಚೇರಿ, ಬರಿದಾದದ್ದು ಗಾರ್ನೆಟ್ ಬೆರಳು. ಸತತ ಏಳು ವರ್ಷ ಮೊದಲ ಸುತ್ತಿನಲ್ಲಿ ಸೋತ ಅವನು ಬಾಸ್ಟನ್‌ಗೆ ಹೋದ ಮೊದಲ ವರ್ಷವೇ ಗೆದ್ದ. ಇನ್ನು ಡುರಾಂಟ್ ವಾರಿಯರ್ಸ್ ಸೇರಿದ್ದು ಹೇಗೆ? ಹೊಸ ಟೀವಿ ಒಪ್ಪಂದದಿಂದಾಗಿ 2016ರಲ್ಲಿ ತಂಡಗಳ ಸಂಬಳದ ಮಿತಿ 70 ಮಿಲಿಯನ್ ಡಾಲರ್‌ನಿಂದ 94ಕ್ಕೆ ಒಮ್ಮೆಲೇ ಹಾರಿತು; ಅದೇ ತಂಡದ ಸ್ಟೆಫ್ ಕರಿ ಹಿಂದೆ ಕಣಕಾಲು ನೋವಿದ್ದಾಗ ನಾಲ್ಕು ವರ್ಷಕ್ಕೆ 44 ಮಿಲಿಯನ್‌ಗೆ ಅಗ್ಗವಾಗಿ ಸಹಿ ಹಾಕಿದ್ದ. ಆ ಎರಡು ಉಂಗುರಗಳಲ್ಲಿ ಲೆಕ್ಕಪತ್ರ ವಿಭಾಗಕ್ಕೂ ಒಂದು ಪಾಲು ಸಲ್ಲಬೇಕು.

ಎದುರು ವಾದದಲ್ಲಿ ಒಂದು ಗಟ್ಟಿ ಮಾತಿದೆ. ಅಂಗಳದಲ್ಲಿ ಒಂದು ಕಡೆಗೆ ಐದೇ ಜನ. ಹನ್ನೊಂದು ಜನರ ಕ್ರಿಕೆಟ್‌ಗಿಂತ, ಫುಟ್‌ಬಾಲ್‌ಗಿಂತ ಇಲ್ಲಿ ಒಬ್ಬನ ಪ್ರಭಾವ ಬಹಳ ಹೆಚ್ಚು. ಮಹಾ ಆಟಗಾರನಿಲ್ಲದೆ ಚಾಂಪಿಯನ್ ಆದ ತಂಡಗಳು ಅಪರೂಪ. ಒಪ್ಪಿದೆ. ಆದರೆ ಮಹಾ ಆಟಗಾರನಿಲ್ಲದೆ ಉಂಗುರ ಬರುವುದಿಲ್ಲ ಎಂದಮಾತ್ರಕ್ಕೆ ಉಂಗುರವಿಲ್ಲದವನು ಮಹಾ ಆಟಗಾರನಲ್ಲ ಎಂದಾಗುವುದಿಲ್ಲ. ಒಬ್ಬನ ಪ್ರಭಾವವನ್ನೇ ಅಳೆಯಬೇಕೆಂದಿದ್ದರೆ ಅದಕ್ಕೂ ದಾರಿಯಿದೆ. ಜೋರ್ಡನ್ 1993ರಲ್ಲಿ ಬಿಟ್ಟುಹೋದಾಗ ಚಿಕಾಗೋ ಬುಲ್ಸ್‌ನ ಗೆಲುವು 57ರಿಂದ 55ಕ್ಕಿಳಿಯಿತು. ಲೆಬ್ರಾನ್ 2010ರಲ್ಲಿ ಬಿಟ್ಟುಹೋದಾಗ ಕ್ಲೀವ್‌ಲ್ಯಾಂಡ್‌ನದು 61ರಿಂದ 19ಕ್ಕೆ ಕುಸಿಯಿತು. ಇದರಿಂದ ಲೆಬ್ರಾನ್ ದೊಡ್ಡವನೆಂದು ನಾನು ಹೇಳುವುದಿಲ್ಲ. ಕ್ಲೀವ್‌ಲ್ಯಾಂಡ್‌ನಿಂದ ಕೋಚ್ ಸೇರಿ ಇನ್ನೂ ಕೆಲವರು ಹೋಗಿದ್ದರು, ಚಿಕಾಗೋಕ್ಕೆ ಕೆಲವು ಒಳ್ಳೆಯವರು ಬಂದಿದ್ದರು. ಆದರೆ ಜೋರ್ಡನ್‌ನ ಜತೆಗಾರ ಸ್ಕಾಟಿ ಪಿಪ್ಪೆನ್ ಎಂಥ ಆಟಗಾರ ಎಂಬುದನ್ನು ಆ 55 ಹೇಳುತ್ತದೆ. ಜೋರ್ಡನ್‌ನ ಆರನ್ನು ಪಠಿಸುವವರು ಪಿಪ್ಪೆನ್‌ಗೂ ಆರಿದೆ ಎಂಬುದನ್ನು ಮೆಲ್ಲಗೆ ನುಂಗಿಕೊಳ್ಳುತ್ತಾರೆ.

ನಮ್ಮವರು ಈ ಮರುಳಿಗೆ ಬೀಳುವುದು ನೋಡಿದರೆ ಇನ್ನೂ ಆಶ್ಚರ್ಯ. ಪೀಯೂಷ್ ಚಾವ್ಲಾ 2007ರ ಟಿ20 ವಿಶ್ವಕಪ್ ಗೆದ್ದ ತಂಡದಲ್ಲೂ ಇದ್ದ, 2011ರ ವಿಶ್ವಕಪ್ ತಂಡದಲ್ಲೂ ಇದ್ದ. ರಾಹುಲ್ ದ್ರಾವಿಡ್ ಆಟಗಾರನಾಗಿ ಒಂದು ವಿಶ್ವಕಪ್ಪನ್ನೂ ಗೆಲ್ಲಲಿಲ್ಲ. 'ಎರಡು-ಸೊನ್ನೆ, ಮುಗೀತಲ್ಲ?' ಎಂದು ಮಲ್ಲೇಶ್ವರದಲ್ಲಿ ನಿಂತು ಹೇಳುವ ಧೈರ್ಯ ಯಾವ ಉಂಗುರವಾದಿಗಿದೆಯೋ ನೋಡೋಣ.

ಆಟಗಾರರಿಗೂ ಈ ರೋಗ ಅಂಟಿದೆ. ಕಾರ್ಲ್ ಮಲೋನ್ ಯೂಟಾದಲ್ಲಿ ಹದಿನೆಂಟು ವರ್ಷ ಆಡಿ, ನಲವತ್ತರ ವಯಸ್ಸಿನಲ್ಲಿ ಉಂಗುರಕ್ಕಾಗಿ ಲೇಕರ್ಸ್‌ಗೆ ಹೋಗಿ 2004ರಲ್ಲಿ ಅಲ್ಲೂ ಸೋತ. ಜತೆಗೆ ಹೋದ ಗ್ಯಾರಿ ಪೇಟನ್‌ಗೆ ಕಡೆಗೆ 2006ರಲ್ಲಿ ಮಯಾಮಿಯಲ್ಲಿ ಒಂದು ಸಿಕ್ಕಿತು. 1996ರ ಪೇಟನ್, ಅಂದರೆ ಆ ವರ್ಷದ ಅತ್ಯುತ್ತಮ ರಕ್ಷಣಾ ಆಟಗಾರ, ಫೈನಲ್ಸ್‌ನಲ್ಲಿ ಸೋತ; ಮೂವತ್ತೇಳರ ದಣಿದ ಪೇಟನ್ ಗೆದ್ದ. ಯಾವ ಪೇಟನ್ ದೊಡ್ಡವನು ಎಂದು ಉಂಗುರವನ್ನು ಕೇಳಿದರೆ ಅದು ಎರಡನೆಯವನತ್ತ ಕೈ ತೋರಿಸುತ್ತದೆ.

ಹೋಲಿಕೆಯೇ ಬೇಡವೆನ್ನುವ ಸಾತ್ವಿಕರ ಗುಂಪೂ ಒಂದಿದೆ: 'ಕಾಲ ಬೇರೆ, ಆಟ ಬೇರೆ, ಇಬ್ಬರನ್ನೂ ಆನಂದಿಸಿ.' ಅವರ ಜತೆಗೂ ನನಗಾಗದು. ಜಗಳವಾಡುವುದೇ ಈ ಆಟದ ಅರ್ಧ ಸುಖ. ಜಗಳ ಅಂಗಳದೊಳಗೆ ನಡೆಯಲಿ ಎನ್ನುವುದಷ್ಟೇ ನನ್ನ ತಕರಾರು.

ಆದ್ದರಿಂದ ನನ್ನ ಸಾಕ್ಷ್ಯ ಇಡುತ್ತೇನೆ: 1987-88ರ ಜೋರ್ಡನ್. 82 ಪಂದ್ಯವನ್ನೂ ಆಡಿದ. ಸರಾಸರಿ 35 ಅಂಕ. ಇಡೀ ಋತುವಿನ ಎಂವಿಪಿ, ಅದೇ ವರ್ಷ ಅತ್ಯುತ್ತಮ ರಕ್ಷಣಾ ಆಟಗಾರ. ಅಂಕ ಗಳಿಕೆಯಲ್ಲಿ ಮೊದಲ ಸ್ಥಾನ ಪಡೆದು ರಕ್ಷಣೆಯ ಈ ಪ್ರಶಸ್ತಿಯನ್ನೂ ಅದೇ ಋತುವಿನಲ್ಲಿ ಗೆದ್ದವರು ಅವನಿಗೆ ಮೊದಲು ಇರಲಿಲ್ಲ. 259 ಸಲ ಎದುರಾಳಿಯಿಂದ ಚೆಂಡು ಕಸಿದ, 131 ಸಲ ಎಸೆತ ತಡೆದ. ಪ್ಲೇಆಫ್‌ನಲ್ಲಿ ಕ್ಲೀವ್‌ಲ್ಯಾಂಡ್ ಎದುರು ಒಂದು ಪಂದ್ಯದಲ್ಲಿ 50, ಮರುಪಂದ್ಯದಲ್ಲಿ 55. ಮುಂದಿನ ಸುತ್ತಿನಲ್ಲಿ ಪಿಸ್ಟನ್ಸ್ ಅವನ ತಂಡವನ್ನು ಐದೇ ಪಂದ್ಯದಲ್ಲಿ ಮುಗಿಸಿತು. ಉಂಗುರವಾದಿಗೆ ಈ ವರ್ಷ ಖಾಲಿ ಪುಟ. ಎರಡೂ ತುದಿಯ ಬುಟ್ಟಿಯನ್ನು ಒಬ್ಬನೇ ಆಳಿದ ಋತು ಇದಕ್ಕಿಂತ ದೊಡ್ಡದು ನನಗೆ ಕಂಡಿಲ್ಲ. ಆ ಕಸಿತ ಮತ್ತು ತಡೆಗಳ ಲೆಕ್ಕದಲ್ಲಿ ಚಿಕಾಗೋದ ಲೆಕ್ಕಿಗರು ತಮ್ಮ ಹುಡುಗನಿಗೆ ಉದಾರವಾಗಿದ್ದರು ಎಂಬ ಆಕ್ಷೇಪ ಈಚೆಗೆ ಎದ್ದಿದೆ. ಏಳಲಿ. ಟೇಪು ಹಾಕಿ ಒಂದೊಂದನ್ನೂ ಎಣಿಸಿ ಜಗಳವಾಡೋಣ.

ಲೆಬ್ರಾನ್ ಕಡೆಯವರು 2018 ತರಲಿ. ಮೂವತ್ತಮೂರರಲ್ಲಿ 82 ಪಂದ್ಯ, ಆಮೇಲೆ ಪ್ಲೇಆಫ್‌ನಲ್ಲಿ ಇನ್ನೂ 22, ಅದರಲ್ಲಿ ಸರಾಸರಿ 34 ಅಂಕ. ಇಂಡಿಯಾನಾ ಎದುರು ಏಳು ಪಂದ್ಯ, ಬಾಸ್ಟನ್ ಎದುರು ಏಳು ಪಂದ್ಯ. ಬಾಸ್ಟನ್‌ನ ಅಂಗಳದಲ್ಲೇ ನಡೆದ ಆ ಏಳನೆಯದರಲ್ಲಿ ಜತೆಗಾರ ಕೆವಿನ್ ಲವ್ ಇಲ್ಲದೆ ಪೂರ್ತಿ 48 ನಿಮಿಷ ನಿಂತು ಆಡಿದ. ಫೈನಲ್ಸ್‌ನ ಮೊದಲ ಪಂದ್ಯದಲ್ಲಿ ವಾರಿಯರ್ಸ್ ಎದುರು 51 ಅಂಕ. ಸಮಬಲವಾಗಿ 4.7 ಸೆಕೆಂಡು ಉಳಿದಿರುವಾಗ ಜತೆಗಾರ ಜೆ.ಆರ್. ಸ್ಮಿತ್ ರಿಬೌಂಡ್ ಹಿಡಿದು, ಬುಟ್ಟಿಯ ಕಡೆಗೆ ಹೋಗುವ ಬದಲು ಆಚೆಗೆ ಓಡಿ ಕಾಲ ಕಳೆದುಬಿಟ್ಟ. ಹೆಚ್ಚುವರಿ ಅವಧಿಯಲ್ಲಿ ಪಂದ್ಯ ಹೋಯಿತು, ಸರಣಿ ನಾಲ್ಕಕ್ಕೆ ಸೊನ್ನೆ. ಆ ವರ್ಷವನ್ನು 1988ರ ಎದುರಿಗಿಟ್ಟು ವಾದಿಸುವವರು ಸಿಕ್ಕರೆ ಜಾಗ ಮಾಡಿ ಕೂರಿಸುತ್ತೇನೆ. ನನ್ನ ಮೊದಲ ಪ್ರಶ್ನೆ ರಕ್ಷಣೆಯ ಬಗ್ಗೆ ಇರುತ್ತದೆ: ಆ ಋತುವಿನ ಲೀಗ್ ಪಂದ್ಯಗಳಲ್ಲಿ ಲೆಬ್ರಾನ್ ತನ್ನ ಎದುರಾಳಿಯ ಹಿಂದೆ ಎಷ್ಟು ಸಲ ಮನಸ್ಸಿಟ್ಟು ಓಡಿದ?